ಹಳೆಯ ಫಾರೆಸ್ಟರ್‌ನಲ್ಲಿ ಪುಣೆಯಿಂದ ಗೋವಾಕ್ಕೆ

ಬುಧವಾರ, ಭೋಸರಿ

ಮಾಮಾನ ಗಾಡಿಯ ಮೂತಿಯ ಮೇಲೆ ಶೆವರ್ಲೆಯ ಲಾಂಛನ ಇದೆ. ಬಾನೆಟ್ ಎತ್ತಿದರೆ ಒಳಗೆಲ್ಲ ಸುಬಾರು. ಜಪಾನಿನ ಸುಬಾರು ತನ್ನ ಹೆಸರಿನಲ್ಲಿ ಭಾರತದಲ್ಲಿ ಅಂಗಡಿ ತೆರೆಯಲೇ ಇಲ್ಲ. ಅದನ್ನು ತಯಾರಿಸುತ್ತಿದ್ದ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಶೆವರ್ಲೆಯ ಒಡೆಯ ಜನರಲ್ ಮೋಟರ್ಸ್‌ಗೆ ಆಗ ನೂರಕ್ಕೆ 20ರಷ್ಟು ಪಾಲಿತ್ತು. ಆ ನಂಟಿನಿಂದಲೇ 2000ದ ದಶಕದ ಮಧ್ಯದಲ್ಲಿ ಸುಬಾರುವಿನ ಫಾರೆಸ್ಟರ್ ಕಾರು ಶೆವರ್ಲೆ ಹೆಸರು ಹೊತ್ತು ಇಲ್ಲಿಗೆ ಬಂತು. 2005ರಲ್ಲಿ ಆ ಪಾಲು ಮಾರಾಟವಾಯಿತು. ಕೆಲವೇ ವರ್ಷಗಳಲ್ಲಿ ಫಾರೆಸ್ಟರ್ ಬರುವುದೂ ನಿಂತಿತು. 2017ರ ಕೊನೆಗೆ ಶೆವರ್ಲೆಯೇ ಭಾರತದ ಮಾರುಕಟ್ಟೆ ಬಿಟ್ಟಿತು. ಪುಣೆ ಪಕ್ಕದ ತಳೇಗಾವ್‌ನಲ್ಲಿದ್ದ ಅದರ ಕಾರ್ಖಾನೆ 2020ರ ಡಿಸೆಂಬರ್‌ವರೆಗೆ ನಡೆದು ನಿಂತಿತು. ಈಗ ಅದು ಹ್ಯುಂಡೈ ಕೈಯಲ್ಲಿದೆ.

ಅಂದರೆ ಈ ಗಾಡಿಗೆ ಈ ದೇಶದಲ್ಲಿ ತವರು ಅಂತ ಇಲ್ಲ. ಬಿಡಿಭಾಗ ಬೇಕಾದರೆ ಪಾರ್ಟ್ ನಂಬರ್ ಹುಡುಕಿ ಹೊರದೇಶದಿಂದ ತರಿಸಬೇಕು. ಬಂದದ್ದನ್ನು ಜೋಡಿಸಲು ಕೈ ಪಳಗಿದ ಮೇಸ್ತ್ರಿ ಬೇಕು. ಮಾಮಾ ಬೆಳಗಾವಿ ಕಡೆಯವರು. ಪುಣೆಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡುತ್ತಲೇ ಕೂದಲು ಹಣ್ಣಾದವರು. ಮುಂಬೈಯ ಒಬ್ಬರಿಂದ ಇದನ್ನು ಎರಡನೇ ಕೈಯಲ್ಲಿ ಕೊಂಡರು. ಮಹಾರಾಷ್ಟ್ರದಲ್ಲಿ 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ, ಪರಿಸರ ತೆರಿಗೆ ಎಲ್ಲ ಇದೆ. ಅದನ್ನೂ ತಪ್ಪದೆ ಮುಗಿಸಿದ್ದಾರೆ.

ದೀಪಾವಳಿ ಮುಗಿದಿತ್ತು. ಸಹ್ಯಾದ್ರಿಯ ಅಂಚು ಹಿಡಿದು, ಸಾಧ್ಯವಾದಷ್ಟು ಮಣ್ಣು ದಾರಿಯಲ್ಲಿ ಗೋವಾಕ್ಕೆ ಹೋಗೋಣ ಎಂದು ನಾನು, ನನ್ನ ತಮ್ಮ, ಮಾಮಾ ಹೊರಟೆವು. ತಮ್ಮನಿಗೆ ಒಂದೇ ಆಸೆ, ಗಾಡಿಯನ್ನು ಎರಡು ಇಂಚು ಎತ್ತರಿಸಬೇಕು. ಆಸ್ಟ್ರೇಲಿಯಾ, ಅಮೆರಿಕದಲ್ಲಿ ಹಳೆಯ ಸುಬಾರುಗಳನ್ನು ಹಾಗೆ ಎತ್ತರಿಸುವವರು ತುಂಬಾ ಜನ. ಚಕ್ರದ ಕುಲುಕು ಹೀರುವ ಕಂಬಕ್ಕೆ ಸ್ಟ್ರಟ್ ಎನ್ನುತ್ತಾರೆ. ಅದರ ತಲೆಯ ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಕೂರಿಸುತ್ತಾರೆ. ಒಂದು ಇಂಚಿನವರೆಗೆ ಅಷ್ಟರಲ್ಲೇ ಮುಗಿಯುತ್ತದೆ. ಎರಡು ಇಂಚಿಗೆ ಹೋದರೆ ಆಕ್ಸಲ್ ಕೋನ ಜಾಸ್ತಿಯಾಗಿ ಅದರ ತುದಿಯ ಬಾಗುವ ಕೀಲಾದ ಸಿವಿ ಜಾಯಿಂಟ್ ಮೇಲೆ ಒತ್ತಡ ಬೀಳುತ್ತದೆ. ಅದನ್ನು ತಗ್ಗಿಸಲು ಎಂಜಿನ್, ಡಿಫರೆನ್ಶಿಯಲ್ ಹೊತ್ತ ಕೆಳಚೌಕಟ್ಟು, ಅಂದರೆ ಸಬ್‌ಫ್ರೇಮ್ ಕೆಳಗಿಳಿಸಬೇಕು. ಹಿಂಚಕ್ರವನ್ನು ಮುಂದಿನಿಂದ ಹಿಡಿದಿಡುವ ತೋಳಿಗೆ, ಅಂದರೆ ಟ್ರೇಲಿಂಗ್ ಆರ್ಮ್‌ಗೆ ಬ್ಲಾಕ್ ಕೊಡಬೇಕು. ಇಲ್ಲದಿದ್ದರೆ ಹಿಂಚಕ್ರ ಮುಂದಕ್ಕೆ ಸರಿದು ಮಡ್‌ಗಾರ್ಡ್ ಸಂದಿನಲ್ಲಿ ಸೊಟ್ಟಗೆ ನಿಲ್ಲುತ್ತದೆ. ಕೊನೆಗೆ ಕ್ಯಾಂಬರ್, ಅಂದರೆ ಚಕ್ರದ ವಾಲು, ಮತ್ತೆ ಹೊಂದಿಸಬೇಕು.

ಮಾಮಾ ಒಪ್ಪಲಿಲ್ಲ. ಮೊದಲನೆಯದಾಗಿ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎರಡನೆಯ ಕಾರಣ ನನಗೆ ಹೆಚ್ಚು ಹಿಡಿಸಿತು.

"ನಡಾ ಬಿದ್ದ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದ್ರ ಏನ್ ಬಂತೋ ತಮ್ಮಾ? ಮೊದ್ಲ ಕುಂತದ್ದನ್ನ ಎಬ್ಬಸೂಣು."

ನಿಜ. ಗಾಡಿಯ ಹಿಂಭಾಗ ಕುಸಿದಿತ್ತು. ಕೆಲವು ಫಾರೆಸ್ಟರ್‌ಗಳಿಗೆ ಹಿಂದೆ ತಾನಾಗಿ ಎತ್ತರ ಸರಿಪಡಿಸಿಕೊಳ್ಳುವ ಸ್ಟ್ರಟ್ ಇರುತ್ತದೆ. ಹೊಸದಿದ್ದಾಗ ಚೆಂದ. ವಯಸ್ಸಾದ ಮೇಲೆ ಒಳಗಿನ ಒತ್ತಡ ಹೋಗಿ ಗಾಡಿ ಕೂತುಬಿಡುತ್ತದೆ. ಅದನ್ನು ತೆಗೆದು ಸಾಮಾನ್ಯ ಸ್ಟ್ರಟ್ ಹಾಕುವಾಗ ಸ್ಪ್ರಿಂಗನ್ನೂ ಬದಲಿಸಲೇಬೇಕು. ಹಳೆಯ ಸ್ಪ್ರಿಂಗ್ ಮೆತ್ತಗೆ, ಭಾರದಲ್ಲಿ ಒಂದಷ್ಟನ್ನು ಸ್ಟ್ರಟ್ ಹೊರಲಿ ಎಂದೇ ಮಾಡಿದ್ದು. ಮಾಮಾ ಎರಡನ್ನೂ ಬದಲಿಸಿದರು. ಗಾಡಿ ಮೊದಲಿನ ಎತ್ತರಕ್ಕೆ ಬಂತು. ಒಡೆದುಹೋಗಿದ್ದ ಬುಷ್‌ಗಳೆಲ್ಲ ಹೊಸವು. ಪೆಟ್ರೋಲ್ ಪೈಪಿನ ರಬ್ಬರ್ ಕೂಡ ಹೊಸದು. ಇಪ್ಪತ್ತು ವರ್ಷದ ಹಿಂದಿನ ರಬ್ಬರ್ ನೂರಕ್ಕೆ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲ್‌ಗೆಂದು ಮಾಡಿದ್ದಲ್ಲ. ಎಂಜಿನ್ ಕೆಳಗೆ ಅಲ್ಯೂಮಿನಿಯಂ ತಟ್ಟೆ ಕೂರಿಸಿದರು. ಆಯಿಲ್ ಬಿಡುವ ನಟ್ಟಿಗೂ ಫಿಲ್ಟರಿಗೂ ಕೈ ಹೋಗುವಷ್ಟು ಕಿಂಡಿ ಅದರಲ್ಲಿದೆ. ಈ ಕಿಂಡಿ ಇಲ್ಲದ ತಟ್ಟೆ ಹಾಕಿಸಿಕೊಂಡವರು ಆಯಿಲ್ ಬದಲಿಸಲು ಬೇಸರಪಡುತ್ತಾರೆ. ಬೇಸರಪಟ್ಟರೆ ತಡವಾಗುತ್ತದೆ, ಅಲ್ವಾ?

ಟಯರ್ ಮೂಲ ಅಳತೆಯದೇ, 215/60 ಆರ್16. ಬ್ರೆಝಾಗೂ ಇದೇ ಅಳತೆ ಬರುವುದರಿಂದ ಎಲ್ಲೆಡೆ ಸಿಗುತ್ತದೆ. ಹಲ್ಲು ಸ್ವಲ್ಪ ಒರಟಾದ್ದನ್ನು ಆರಿಸಿದರು. ಡಸ್ಟರ್‌ನ 215/65 ಹಾಕಿದ್ದರೆ ಎಷ್ಟು ಎತ್ತರ ಸಿಗುತ್ತಿತ್ತು ಎಂದು ತಮ್ಮ ಲೆಕ್ಕ ಹಾಕಿದ. ಬರೀ ಒಂದು ಸೆಂಟಿಮೀಟರ್ ಚಿಲ್ಲರೆ. ಬದಲಿಗೆ ಸ್ಪೀಡೋಮೀಟರ್ ನೂರಕ್ಕೆ ಮೂರರಷ್ಟು ಕಡಿಮೆ ತೋರಿಸುತ್ತದೆ. ಫಸ್ಟ್ ಗೇರ್ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತದೆ. ಏರಿನಲ್ಲಿ ನಿಧಾನ ಹೋಗಬೇಕಾದ ಗಾಡಿಗೆ ಅದು ನಷ್ಟ.

ಗುರುವಾರ, ಮಢೆ ಘಾಟ್

ನಸುಕಿನಲ್ಲೇ ಕಾತ್ರಜ್ ದಾಟಿದೆವು. ನಸರಾಪುರದ ಹತ್ತಿರ ಹೆದ್ದಾರಿ ಬಿಟ್ಟು ವೇಲ್ಹೆ ಕಡೆ ತಿರುಗಿದೆವು. ಎದುರಿಗೆ ತೋರಣಾ ಕೋಟೆ. ಹೊಲಗಳಲ್ಲಿ ಭತ್ತ ಕೊಯ್ದು ಹರಡಿದ್ದರು. ಆ ವಾಸನೆ ಕಾರಿನ ಒಳಗೆಲ್ಲ ತುಂಬಿತು.

ಕೇಳದ್ ಎಂಬ ಊರು ಘಟ್ಟದ ಅಂಚಿಗೆ ಅಂಟಿಕೊಂಡಿದೆ. ಅದರಾಚೆ ಮಢೆ ಘಾಟ್. 1670ರಲ್ಲಿ ಸಿಂಹಗಡದಲ್ಲಿ ಮಡಿದ ತಾನಾಜಿ ಮಾಲುಸರೆಯ ದೇಹವನ್ನು ಕೊಂಕಣದ ಅವನ ಊರಿಗೆ ಈ ದಾರಿಯಲ್ಲೇ ಒಯ್ದರು ಎಂದು ಇಲ್ಲಿನವರು ಹೇಳುತ್ತಾರೆ. ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಅಷ್ಟು ಕಡಿದಾದ ಇಳಿಜಾರಿನಲ್ಲಿ ಹೆಣ ಹೊತ್ತು ಇಳಿದವರ ಕಾಲಿನ ಬಲ ನೆನಪಾಗುತ್ತದೆ. ಮಳೆಗಾಲದ ಜಲಪಾತ ಈಗ ಸಣ್ಣದಾಗಿತ್ತು.

ಊರಿನ ಆಚೆಯ ಮಣ್ಣು ದಾರಿಯಲ್ಲಿ ಒಂದು ಹಳ್ಳ ಅಡ್ಡ ಬಂತು. ತಮ್ಮ ಪ್ಯಾಂಟ್ ಮಡಚಿ ನಡೆದು ನೋಡಿದ. ಮೊಣಕಾಲಿಗಿಂತ ಕೆಳಗೇ ನೀರು, ತಳದಲ್ಲಿ ಗಟ್ಟಿ ಕಲ್ಲು. ಮಾಮಾ ಕೂಡಲೇ ಇಳಿಸಲಿಲ್ಲ. ಹತ್ತು ಹದಿನೈದು ನಿಮಿಷ ಗಾಡಿ ನಿಲ್ಲಿಸಿದರು. ಘಟ್ಟ ಹತ್ತಿ ಬಂದ ಗೇರ್‌ಬಾಕ್ಸ್, ಎಡ ಬಲ ಚಕ್ರಗಳಿಗೆ ಬಲ ಹಂಚುವ ಹಿಂದಿನ ಡಿಫರೆನ್ಶಿಯಲ್ ಎರಡೂ ಬಿಸಿ ಇರುತ್ತವೆ. ಬಿಸಿ ಪೆಟ್ಟಿಗೆ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ಕಿಂಡಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗದಿರಲಿ ಎಂದು ಮಾಮಾ ಆ ಕಿಂಡಿಗೆ ಪೈಪ್ ಜೋಡಿಸಿ ಮೇಲಕ್ಕೆ ಎತ್ತಿ ಕಟ್ಟಿದ್ದಾರೆ. ಇಷ್ಟು ಮಾಡಿಯೂ ಕಾಯುತ್ತಾರೆ. ನೀರಿನ ದಾರಿಗಳಿಗೆ ಹೋಗಿ ಬಂದ ಮೇಲೆ ಆಯಿಲ್ ಸ್ವಲ್ಪ ಇಳಿಸಿ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಮ್ಯಾನುಯಲ್ ಸುಬಾರುವಿನಲ್ಲಿ ಗೇರ್‌ಬಾಕ್ಸ್‌ಗೂ ಮುಂದಿನ ಡಿಫರೆನ್ಶಿಯಲ್‌ಗೂ ಒಂದೇ ಆಯಿಲ್, 75ಡಬ್ಲ್ಯೂ-90. ಅದು ಕೆಟ್ಟರೆ ಎರಡೂ ಕೆಡುತ್ತವೆ.

ಫಸ್ಟ್ ಗೇರಿನಲ್ಲಿ, ನೀರು ಎಗರಿಸದೆ ದಾಟಿದೆವು. ಆಚೆ ದಡದಲ್ಲಿ ಎಮ್ಮೆ ಕಾಯುತ್ತಿದ್ದ ಅಜ್ಜ, ಇಂಥ ಗಾಡಿ ಯಾವ ಕಂಪನಿಯದು ಎಂದು ಮರಾಠಿಯಲ್ಲಿ ಕೇಳಿದರು. ಮಾಮಾ ಅವರಿಗೆ ಇಡೀ ಕಥೆ ಹೇಳಿದರು. ರಾತ್ರಿ ಅದೇ ಅಜ್ಜನ ಪರಿಚಯದ ಮನೆಯಲ್ಲಿ ಊಟ, ನಿದ್ದೆ. ರಾಗಿಯ ಭಾಕ್ರಿ, ಪಿಠ್ಲಾ, ಹಸಿಮೆಣಸಿನ ಠೇಚಾ. ನಮ್ಮ ರೊಟ್ಟಿ ಊಟದವರಿಗೆ ಅದು ಪರದೇಶ ಅನಿಸುವುದೇ ಇಲ್ಲ.

ಶುಕ್ರವಾರ, ಚಾಳಕೇವಾಡಿ

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಕೂಲಂಟ್ ಬಾಟಲಿ ನೋಡುವುದು ಮಾಮಾನ ರೂಢಿ. ಹಳೆಯ ಸುಬಾರು ಇಟ್ಟುಕೊಂಡವರು ಏನನ್ನು ಮರೆತರೂ ಇದನ್ನು ಮರೆಯಬಾರದು. ಬಾಕ್ಸರ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿರುತ್ತವೆ. 1966ರ ಸುಬಾರು 1000 ಕಾರಿನಿಂದಲೂ ಕಂಪನಿ ಈ ಜೋಡಣೆಯನ್ನು ಉಳಿಸಿಕೊಂಡು ಬಂದಿದೆ. ಎಂಜಿನ್ ತಗ್ಗಿನಲ್ಲಿ ಕೂರುವುದರಿಂದ ಗಾಡಿ ತಿರುವಿನಲ್ಲಿ ವಾಲುವುದು ಕಡಿಮೆ. ಆದರೆ ಸಿಲಿಂಡರ್ ಮುಚ್ಚುವ ಹೆಡ್ ಎರಡು, ಸೋರದಂತೆ ಅದರ ಸಂದಿನಲ್ಲಿ ಕೂರಿಸುವ ಹೆಡ್ ಗ್ಯಾಸ್ಕೆಟ್ ಎರಡು. ಎರಡೂವರೆ ಲೀಟರಿನ ಹಳೆಯ ಇಜೆ25 ಎಂಜಿನ್‌ಗಳು ಗ್ಯಾಸ್ಕೆಟ್ ಸೋರಿಕೆಗೆ ಹೆಸರಾದವು. ಎರಡು ಲೀಟರಿನ ಇಜೆ20ರಲ್ಲಿ ಆ ಕಾಟ ಕಡಿಮೆ. ಆದರೂ ಒಮ್ಮೆ ಸರಿಯಾಗಿ ಕಾದು ಕೆಂಪಾದರೆ ಯಾವ ಎಂಜಿನ್ನೂ ಉಳಿಯುವುದಿಲ್ಲ. ಬಾಟಲಿಯಲ್ಲಿ ಗುಳ್ಳೆ ಏಳುತ್ತಿದ್ದರೆ, ನೀರಿನ ಮಟ್ಟ ಕಾರಣವಿಲ್ಲದೆ ಏರಿಳಿದರೆ, ಗ್ಯಾಸ್ಕೆಟ್ ಕಡೆ ಅನುಮಾನ ಪಡಬೇಕು.

ಖಂಬಾಟ್ಕಿ ಘಟ್ಟದಲ್ಲಿ ಲಾರಿಗಳ ಹಿಂದೆ ತೆವಳುವಾಗ ಇದೆಲ್ಲ ಸುಮ್ನೆ ಹೇಳಿದ ಮಾತಲ್ಲ ಅನಿಸಿತು. ಡ್ಯಾಶ್‌ಬೋರ್ಡಿನಲ್ಲಿ ಶಾಖ ತೋರಿಸುವ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಅದು ಅಲ್ಲಾಡುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಮಾಮಾ ಗಾಡಿಯ ಕಂಪ್ಯೂಟರಿನ ಅಂಕಿ ಓದುವ ಒಂದು ಸಣ್ಣ ಓಬಿಡಿ ಸಾಧನ ಚುಚ್ಚಿ, ಮೊಬೈಲ್‌ನಲ್ಲಿ ಡಿಗ್ರಿ ಲೆಕ್ಕದಲ್ಲಿ ಶಾಖ ನೋಡುತ್ತಾರೆ. ಸುಮಾರು 95ಕ್ಕೆ ಫ್ಯಾನ್ ತಿರುಗಿತು, ಅಂಕಿ ಇಳಿಯಿತು. ಹೊಸ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿತ್ತು. ಕೂಲಂಟ್ ತುಂಬುವಾಗ ಗಾಡಿಯ ಮೂತಿ ಎತ್ತಿ ನಿಲ್ಲಿಸಿ, ರೇಡಿಯೇಟರ್ ತಲೆಯ ಮೇಲಿನ ಸಣ್ಣ ತಿರುಪು ಬಿಚ್ಚಿ, ಒಳಗಿನ ಗಾಳಿಯನ್ನೆಲ್ಲ ಹೊರಗೆ ಬಿಡಬೇಕು. ಈ ಎಂಜಿನ್‌ನಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುವುದು ಬಲು ಸುಲಭ. ಅವಸರದಲ್ಲಿ ತುಂಬಿದವರ ಗಾಡಿಯೇ ಮರುದಿನ ಘಟ್ಟದಲ್ಲಿ ಬಿಸಿಯೇರಿ ನಿಲ್ಲುವುದು.

ಸಾತಾರಾದಲ್ಲಿ ಊಟ. ಸಜ್ಜನಗಡ ಹತ್ತಿ ಸಮರ್ಥ ರಾಮದಾಸರ ಸಮಾಧಿಗೆ ಕೈಮುಗಿದು, ಠೋಸೇಘರ್ ದಾಟಿ, ಸಂಜೆ ಚಾಳಕೇವಾಡಿಯ ಬಯಲಿಗೆ ಬಂದೆವು. ಇದು ಬೆಟ್ಟದ ನೆತ್ತಿಯ ಮೇಲೆ ಚಪ್ಪಟೆಯಾಗಿ ಹರಡಿದ ಜಂಬಿಟ್ಟಿಗೆ ಬಯಲು. ಎಲ್ಲಿ ನೋಡಿದರೂ ಗಾಳಿಯಂತ್ರ. ಒಂದರಿಂದ ಇನ್ನೊಂದಕ್ಕೆ ಕೆಂಪು ಮಣ್ಣಿನ ದಾರಿಗಳು. ಹುಲ್ಲು ಹಳದಿಯಾಗಿತ್ತು, ಗಾಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಹತ್ತಿರದಲ್ಲೇ ಕೊಯ್ನಾ ಕಾಡು. 2010ರಲ್ಲಿ ಆದ ಸಹ್ಯಾದ್ರಿ ಹುಲಿ ಮೀಸಲು ಪ್ರದೇಶದಲ್ಲಿ ಅದೂ ಸೇರಿದೆ. ಹುಲ್ಲಿನ ಮೇಲೆ ಗಾಡಿ ಇಳಿಸಕೂಡದು ಎಂದು ಮಾಮಾ ಮೊದಲೇ ಹೇಳಿದ್ದರು. ತೆಳುವಾದ ಮಣ್ಣು ಅದು. ಮಳೆಗಾಲದಲ್ಲಿ ಅದರ ಮೇಲೆ ಹೂ ಬರುತ್ತದೆ. ಒಂದು ಸಲ ಚಕ್ರ ಹಾದರೆ ಆ ಗೆರೆ ಬೇಗ ಮುಚ್ಚುವುದಿಲ್ಲ. ನಾವು ಇರುವ ದಾರಿಯಲ್ಲೇ ಹೋದೆವು. ಅದೇ ಸಾಕಷ್ಟು ಕೆಟ್ಟಿತ್ತು.

ಟಯರ್ ಗಾಳಿಯನ್ನು 32ರಿಂದ 22ಕ್ಕೆ ಇಳಿಸಿದೆವು. ಕಲ್ಲಿನ ಮೇಲೆ ಟಯರ್ ಹರಡಿ ಕೂರುತ್ತದೆ. ಹಿಡಿತ ಹೆಚ್ಚುತ್ತದೆ, ಒಳಗೆ ಕೂತವರಿಗೂ ಕುಲುಕು ಕಡಿಮೆ. ಒಂದು ಕಡೆ ಮಳೆ ನೀರು ದಾರಿಯನ್ನು ಓರೆಯಾಗಿ ಕೊರೆದಿತ್ತು. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡೂ ಗಾಳಿಯಲ್ಲಿ ನಿಂತವು. ಗಾಡಿ ಅಲ್ಲೇ ನಿಂತಿತು. ತೂಗಾಡುವ ಎರಡು ಚಕ್ರಗಳು ಸುಮ್ಮನೆ ತಿರುಗಿದವು.

ಸುಬಾರುವಿನ ನಾಲ್ಕು ಚಕ್ರದ ಎಳೆತ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಕಣ್ಣಾರೆ ತಿಳಿದದ್ದು ಆ ಜಾಗದಲ್ಲಿ. ಮ್ಯಾನುಯಲ್ ಗಾಡಿಯಲ್ಲಿ ನಡುವಿನ ಡಿಫರೆನ್ಶಿಯಲ್ ಬಲವನ್ನು ಮುಂದೆ ಹಿಂದೆ ಸಮನಾಗಿ ಹಂಚುತ್ತದೆ. ಅದರ ಜೊತೆಗೆ ಒಂದು ವಿಸ್ಕಸ್ ಕಪ್ಲಿಂಗ್ ಇದೆ, ಒಳಗೆ ಸಿಲಿಕೋನ್ ದ್ರವ. ಮುಂದಿನ ಚಕ್ರಗಳು ಜಾರಿ ಹೆಚ್ಚು ತಿರುಗಿದರೆ ಆ ದ್ರವ ಬಿಗಿಯಾಗಿ ಬಲವನ್ನು ಹಿಂದಕ್ಕೆ ದಾಟಿಸುತ್ತದೆ. ಆದರೆ ಮುಂದೆ ಒಂದು, ಹಿಂದೆ ಒಂದು ಚಕ್ರ ಎದ್ದರೆ ಎರಡೂ ಕಡೆ ಬಲ ಎದ್ದ ಚಕ್ರದಲ್ಲೇ ಸೋರಿಹೋಗುತ್ತದೆ. ಜಾರುವ ಚಕ್ರವನ್ನು ತಡೆದು ಇನ್ನೊಂದಕ್ಕೆ ಬಲ ಕೊಡುವ ಎಲ್‌ಎಸ್‌ಡಿ ಹಿಂದೆ ಇಲ್ಲದ ಗಾಡಿಗೆ ಅಲ್ಲಿ ಉಪಾಯವಿಲ್ಲ. ಎರಡು ಇಂಚು ಎತ್ತರವಿದ್ದಿದ್ದರೂ ಇದೇ ಗತಿ. ಸ್ಪೇಸರ್ ಹಾಕಿ ಎತ್ತರಿಸಿದರೆ ಚಕ್ರ ಕೆಳಗೆ ಇಳಿಯುವ ಜಾಗವೇನೂ ಹೆಚ್ಚುವುದಿಲ್ಲ.

ಮೂವರೂ ಇಳಿದು ಕಲ್ಲು ಆರಿಸಿದೆವು. ತೂಗಾಡುವ ಹಿಂಚಕ್ರದ ಕೆಳಗೆ ಒಟ್ಟಿದೆವು. ಮಾಮಾ ನನಗೆ ಸ್ಟೀರಿಂಗ್ ಕೊಟ್ಟರು.

"ಗಡಬಡ ಮಾಡಬ್ಯಾಡ ಯವ್ವಾ. ಕ್ಲಚ್ ಅರ್ಧಾ ಹಿಡದು ಸುಡಬ್ಯಾಡ. ಬಿಟ್ಟಬಿಡು, ಅದಾ ಹತ್ತತೈತಿ."

ಹತ್ತಿತು. ಇಳಿದ ಮೇಲೆ ಒಟ್ಟಿದ್ದ ಕಲ್ಲುಗಳನ್ನು ಕೊರಕಲಿನಲ್ಲೇ ಸರಿಯಾಗಿ ತುಂಬಿ ಬಂದೆವು. ಹಿಂದೆ ಬರುವ ಬೈಕಿನವರಿಗೂ ಅನುಕೂಲ.

ಶನಿವಾರ, ಪಾಟಣ

ಬಯಲಿನಿಂದ ಪಾಟಣದ ಕಡೆ ಇಳಿಯುವಾಗ ಸುಟ್ಟ ವಾಸನೆ ಬಂತು. ಮೊದಲು ಬ್ರೇಕ್ ಇರಬೇಕು ಅಂದುಕೊಂಡೆ. ಲೋ ರೇಂಜ್, ಅಂದರೆ ಜೀಪಿನಲ್ಲಿರುವಂಥ ಬಲು ನಿಧಾನದ ಗೇರ್, ಇಲ್ಲದ ಗಾಡಿ. ಉದ್ದ ಇಳಿಜಾರಿನಲ್ಲಿ ಫಸ್ಟ್ ಗೇರ್ ಹಿಡಿದರೂ ಬ್ರೇಕಿಗೆ ಕೆಲಸ ಬೀಳುತ್ತದೆ. ಮಾಮಾ ಮೂಗು ಅರಳಿಸಿದರು.

"ಇದು ಬ್ರೇಕ್ ವಾಸನಿ ಅಲ್ಲ. ಗ್ರೀಸ್ ಸುಡಾಕತ್ತೇತಿ. ನಿಲ್ಲಸು."

ಬಲಗಡೆಯ ಮುಂದಿನ ಆಕ್ಸಲ್‌ನ ಒಳಬೂಟ್ ಹರಿದಿತ್ತು. ರಬ್ಬರಿನ ಆ ಚೀಲದಿಂದ ಕಪ್ಪು ಗ್ರೀಸ್ ಚಿಮ್ಮಿ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಆ ಬೂಟ್ ಪೈಪಿನ ಪಕ್ಕದಲ್ಲೇ ಇದೆ. ವರ್ಷಗಟ್ಟಲೆ ಶಾಖ ತಿಂದು ಬೇರೆ ಬೂಟ್‌ಗಳಿಗಿಂತ ಮೊದಲು ಒಣಗುತ್ತದೆ. ಜಾಯಿಂಟ್ ಇನ್ನೂ ಟಕಟಕ ಅನ್ನುತ್ತಿರಲಿಲ್ಲ. ಧೂಳು ಒಳಗೆ ಹೋಗುವ ಮೊದಲು ಸರಿಮಾಡಿದರೆ ಆಕ್ಸಲ್ ಉಳಿಯುತ್ತದೆ. ತಡಮಾಡಿದರೆ ಇಡೀ ಆಕ್ಸಲ್ ಹೋಗುತ್ತದೆ. ಅದು ಪಾಟಣದಲ್ಲೂ ಸಿಗುವುದಿಲ್ಲ, ಪುಣೆಯಲ್ಲೂ ಸಿಗುವುದಿಲ್ಲ.

ಮಾಮಾನ ಡಿಕ್ಕಿಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ಅದರಲ್ಲಿ ಎರಡು ಬೂಟ್ ಕಿಟ್, ಸಿವಿ ಗ್ರೀಸ್, ಕ್ಲಿಪ್, ರೇಡಿಯೇಟರ್ ಹೋಸ್, ಥರ್ಮೋಸ್ಟಾಟ್, ಫ್ಯಾನ್ ರಿಲೇ, ಒಂದು ವೀಲ್ ಬೇರಿಂಗ್. ದಾರಿಯಲ್ಲಿ ಕೆಡಬಹುದಾದ ಸಣ್ಣ ವಸ್ತುಗಳನ್ನು ಮೊದಲೇ ತರಿಸಿ ಇಡುತ್ತಾರೆ. ಗಾಡಿಯ ಛಾವಣಿಯ ಮೇಲೆ ದೊಡ್ಡ ಲೈಟಿನ ಪಟ್ಟಿ ಹಾಕಿಸೋಣ ಎಂದು ತಮ್ಮ ಅಂದಾಗ, ಆ ದುಡ್ಡಿನಲ್ಲೇ ಈ ಪೆಟ್ಟಿಗೆ ತುಂಬಿದ್ದು. ಈ ಪ್ರವಾಸದಲ್ಲಿ ನಾನು ಯಾವುದಕ್ಕಾದರೂ ಕೃತಜ್ಞಳಾಗಿದ್ದರೆ ಆ ಪೆಟ್ಟಿಗೆಗೆ.

ನಿಧಾನಕ್ಕೆ ಪಾಟಣ ತಲುಪಿದೆವು. ಬಸ್ ಸ್ಟ್ಯಾಂಡ್ ಆಚೆ ಟ್ರ್ಯಾಕ್ಟರ್, ಬೊಲೆರೊ ರಿಪೇರಿ ಮಾಡುವ ಗ್ಯಾರೇಜು. ಮೇಸ್ತ್ರಿ ಸುಬಾರು ಹೆಸರು ಕೇಳಿರಲಿಲ್ಲ. ಆದರೆ ಕೆಳಗೆ ಮಲಗಿ ನೋಡಿದವನೇ, ಒಳತುದಿಯಲ್ಲಿ ಒಂದು ರೋಲ್ ಪಿನ್ ಇದೆ, ಅದನ್ನು ಹೊಡೆದರೆ ಬರುತ್ತದೆ ಎಂದ. ಒಳ್ಳೆಯ ಕೈ ಎಂದು ಮಾಮಾನಿಗೆ ಆಗಲೇ ಗೊತ್ತಾಯಿತು. ಚಕ್ರದ ಕಡೆಯ ಆಕ್ಸಲ್ ನಟ್‌ಗೆ 32ರ ಸಾಕೆಟ್ ಬೇಕು. ಅದು ಟ್ರ್ಯಾಕ್ಟರ್ ಕೆಲಸದವರ ಹತ್ತಿರ ಇದ್ದೇ ಇರುತ್ತದೆ.

ಆ ಪಿನ್ನಿಗೆ ಒಂದು ಗುಟ್ಟಿದೆ. ಗೇರ್‌ಬಾಕ್ಸಿನಿಂದ ಹೊರಬಂದ ದಂಡದ ತೂತಿನ ಒಂದು ಬದಿಯ ಬಾಯಿ ಓರೆಯಾಗಿ ಕಡಿದಿರುತ್ತದೆ. ಪಿನ್ ಆ ಬದಿಯಿಂದಲೇ ಒಳಗೆ ಹೋಗಬೇಕು. ತಿರುಗಿಸಿ ಹಾಕಿದರೆ ತೂತುಗಳು ಕೂಡಿಬರುವುದಿಲ್ಲ. ಸುತ್ತಿಗೆ ಏಟು ಹೆಚ್ಚಾಗಿ ಪಿನ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಚ್ಚುವ ಮೊದಲೇ ಮಾಮಾ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡರು.

ಜಾಯಿಂಟ್ ಬಿಚ್ಚಿ, ಗುಂಡುಗಳನ್ನು ಒಂದೊಂದಾಗಿ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದರು. ತಮ್ಮ ಬಟ್ಟೆಯಿಂದ ಒರೆಸುತ್ತಾ ಕೂತ. ಗುಂಡುಗಳ ಮೇಲೆ ಗೆರೆ ಇರಲಿಲ್ಲ. ಹೊಸ ಗ್ರೀಸ್ ತುಂಬಿ, ಹೊಸ ಬೂಟ್ ಹಾಕಿ, ಕ್ಲಿಪ್ ಬಿಗಿದರು. ಎಕ್ಸಾಸ್ಟ್ ಮೇಲೆ ಬಿದ್ದ ಗ್ರೀಸನ್ನೂ ಕೆರೆದು ತೆಗೆದರು. ಇಬ್ಬರೂ ಕೆಲಸ ಕಲಿತವರು. ಮಾತು ಕಡಿಮೆ, ಕೈಗೆ ಕೈ ಕೊಡುತ್ತಿದ್ದರು. ಮೇಸ್ತ್ರಿ ಕೇಳಿದ್ದಕ್ಕಿಂತ ಜಾಸ್ತಿ ದುಡ್ಡನ್ನು ಮಾಮಾ ಅವನ ಕೈಯಲ್ಲಿಟ್ಟರು. ಅವನು ಚಹಾ ತರಿಸಿ, ಪಾರ್ಟ್ ನಂಬರನ್ನು ತನ್ನ ಗೋಡೆಯ ಮೇಲೆ ಬರೆದುಕೊಂಡ.

ಕತ್ತಲಾಗಿತ್ತು. ಕೊಯ್ನಾನಗರಕ್ಕೆ ಹೋಗಿ ಅಣೆಕಟ್ಟು ನೋಡುವ ಯೋಚನೆ ಬಿಟ್ಟೆವು. 1967ರ ಡಿಸೆಂಬರ್ 11ರ ಭೂಕಂಪದ ಊರು ಅದು. ಮೇಸ್ತ್ರಿಯ ತಂದೆ ಆ ರಾತ್ರಿಯ ಮಾತು ಹೇಳಿದರು. ಮನೆ ಬಿಟ್ಟು ಹೊಲದಲ್ಲಿ ಕೂತು ಬೆಳಗು ಮಾಡಿದರಂತೆ. ಪಾಟಣದಲ್ಲೇ ಲಾಡ್ಜ್ ಹಿಡಿದೆವು.

ಭಾನುವಾರ, ದಾಜೀಪುರದಿಂದ ಗೋವಾ

ಕರಾಡ, ಕೊಲ್ಹಾಪುರದವರೆಗೆ ಹೆದ್ದಾರಿ. ಬರೆಯುವಂಥದ್ದು ಕಡಿಮೆ. ಟಯರ್‌ಗೆ ಮತ್ತೆ ಗಾಳಿ ತುಂಬಿದ್ದೆವು. ಕೊಲ್ಹಾಪುರದಲ್ಲಿ ಮಿಸಳ್ ತಿಂದು ರಾಧಾನಗರಿ ದಾರಿ ಹಿಡಿದೆವು. ರಾಜರ್ಷಿ ಶಾಹು ಮಹಾರಾಜರು ಭೋಗಾವತಿ ನದಿಗೆ ಕಟ್ಟಿಸಲು ಶುರು ಮಾಡಿದ ಅಣೆಕಟ್ಟು ಅಲ್ಲಿದೆ. ನೀರಿನ ಮಟ್ಟ ಏರಿದರೆ ತಾವಾಗಿ ತೆರೆದುಕೊಳ್ಳುವ ಬಾಗಿಲುಗಳು ಅದಕ್ಕಿವೆ. ಲೇತ್ ಕೆಲಸದ ಮಾಮಾ ಅದನ್ನು ನೋಡುತ್ತಾ ತುಂಬ ಹೊತ್ತು ನಿಂತರು.

ದಾಜೀಪುರ ಕಾಡುಕೋಣಗಳ ಕಾಡು. ಡಾಂಬರು ದಾರಿ ಬಿಡಲಿಲ್ಲ. ಫೋಂಡಾ ಘಾಟ್ ಇಳಿಯುವ ಮೊದಲು ಒಂದು ಟಯರ್‌ನ ಬದಿ ಚೂಪುಗಲ್ಲಿಗೆ ಸೀಳಿತು. ಸೀಳಿದ ಬದಿಗೆ ಪಂಕ್ಚರ್ ಹಾಕಲಾಗದು. ಇಲ್ಲಿ ಸ್ಟೆಪ್ನಿಯ ಮಾತು ಬರುತ್ತದೆ. ಸುಬಾರುವಿಗೆ ನಾಲ್ಕೂ ಟಯರ್ ಒಂದೇ ಕಂಪನಿಯದು, ಒಂದೇ ಸವೆತದ್ದು ಇರಬೇಕು. ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಒಂದು ಚಕ್ರ ಚಿಕ್ಕದಿದ್ದರೆ ಅದು ಸದಾ ಜಾಸ್ತಿ ತಿರುಗುತ್ತದೆ. ನಡುವಿನ ಆ ಕಪ್ಲಿಂಗ್ ಹಗಲೂ ರಾತ್ರಿ ಜಾರುತ್ತಾ ಬಿಸಿಯಾಗಿ ಕೊನೆಗೆ ಹಾಳಾಗುತ್ತದೆ. ಇದೇ ಕಾರಣಕ್ಕೆ ಕೆಟ್ಟ ಗಾಡಿಯನ್ನು ಎರಡು ಚಕ್ರ ಎತ್ತಿ, ಎರಡು ನೆಲದಲ್ಲಿ ಬಿಟ್ಟು ಎಳೆಯಲೂ ಕೂಡದು. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಮಾಮಾ ಐದು ಟಯರನ್ನೂ ಸರದಿಯಲ್ಲಿ ತಿರುಗಿಸಿ ಹಾಕುತ್ತಾರೆ. ಸ್ಟೆಪ್ನಿಯೂ ಉಳಿದವುಗಳಷ್ಟೇ ಸವೆದಿತ್ತು. ಹಾಕಿ ಹೊರಟೆವು, ಯಾವ ಚಿಂತೆಯೂ ಇರಲಿಲ್ಲ.

ಕಣಕವಲಿ, ಸಾವಂತವಾಡಿ, ಬಾಂದಾ. ಪತ್ರಾದೇವಿಯಲ್ಲಿ ಗೋವಾ ಗಡಿ ದಾಟುವಾಗ ರಾತ್ರಿ ಒಂಬತ್ತು.

ಸೋಮವಾರ, ಚೋಡಣ ಮತ್ತು ಮಾಪುಸಾ

ಬೆಳಿಗ್ಗೆ ಫೆರಿಯಲ್ಲಿ ಗಾಡಿ ಹತ್ತಿಸಿ ಚೋಡಣ ದ್ವೀಪಕ್ಕೆ ಹೋದೆವು. ಸಲೀಂ ಅಲಿ ಹೆಸರಿನ ಪಕ್ಷಿಧಾಮದ ಕಾಂಡ್ಲಾ ಕಾಡು ನೋಡಬೇಕೆಂದು ಮಾಮಾನ ಆಸೆ. ನಮ್ಮ ಖಾನಾಪುರದ ಕಡೆ ಹುಟ್ಟಿದ ಮಹದಾಯಿಯೇ ಇಲ್ಲಿ ಮಾಂಡವಿ. ಮಾಮಾ ಫೆರಿಯ ಅಂಚಿಗೆ ನಿಂತು ನೀರನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡರು.

ತಮ್ಮನಿಗೆ ಸಮುದ್ರದ ಮರಳಿನಲ್ಲಿ ಓಡಿಸುವ ಮನಸ್ಸಿತ್ತು. ಗೋವಾದಲ್ಲಿ ಬೀಚಿನ ಮೇಲೆ ಗಾಡಿ ಓಡಿಸುವುದಕ್ಕೆ ನಿಷೇಧವಿದೆ, ಪೊಲೀಸರು ಕೇಸು ಹಾಕುತ್ತಾರೆ. ನಿಷೇಧ ಇಲ್ಲದಿದ್ದರೂ ಹೋಗಬಾರದು ಎನ್ನುವುದು ನನ್ನ ಮಾತು. ಮರಳಿನಲ್ಲಿ ಆಮೆ ಮೊಟ್ಟೆ ಇಡುವ ತೀರಗಳಿವೆ. ಹಳೆಯ ತಗಡಿನ ಗಾಡಿಗೆ ಉಪ್ಪುನೀರಿಗಿಂತ ದೊಡ್ಡ ಶತ್ರು ಇಲ್ಲ. ಹಿಂದಿನ ಚಕ್ರದ ಕಮಾನು, ಸಬ್‌ಫ್ರೇಮ್, ಬ್ರೇಕ್ ಪೈಪು, ತುಕ್ಕು ಅಲ್ಲಿಂದಲೇ ಶುರು. ಫೆರಿಯ ಇಳಿಜಾರಿನಲ್ಲಿ ಎಗರಿದ ಉಪ್ಪುನೀರಿಗೇ ಮಾಮಾ ಕೂಡಲೇ ಮಾಪುಸಾಕ್ಕೆ ಬಂದು, ಗಾಡಿಯ ಹೊಟ್ಟೆಯನ್ನು ಸಿಹಿನೀರಿನಿಂದ ತೊಳೆಸಿದರು.

ತೊಳೆಯುವ ಜಾಗದ ಪಕ್ಕದಲ್ಲಿ ಒಂದು ಗ್ಯಾರೇಜು. ನಮ್ಮ ಮಾತು ಕೇಳಿ ಮೇಸ್ತ್ರಿ ಎದ್ದು ಬಂದ.

"ಯಾವೂರ್ರೀ ನಿಮ್ಮವು?"

ಅವನದು ಗದಗ ಕಡೆ, ರೋಣದ ಹತ್ತಿರ. ಅಪ್ಪನ ಕಾಲದಲ್ಲೇ ಗೋವಾಕ್ಕೆ ದುಡಿಯಲು ಬಂದವರು. ಗಾಡಿಯನ್ನು ಒಂದು ಸುತ್ತು ಓಡಿಸಿಕೊಂಡು ಬಂದು, ಹಿಂದಿನ ಎಡಗಡೆ ಬೇರಿಂಗ್ ಗುಂಯ್‌ಗುಡುತ್ತದೆ ಎಂದ. ಹೆದ್ದಾರಿಯಲ್ಲಿ ನನಗೂ ಆ ಸದ್ದು ಕೇಳಿತ್ತು. ಹೊಸ ಟಯರಿನ ಒರಟು ಹಲ್ಲಿನದು ಅಂದುಕೊಂಡಿದ್ದೆ. ಅವನು ಜಾಕ್ ಕೊಟ್ಟು ಎತ್ತಿ, ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲೆ ಇಟ್ಟ. ನನ್ನ ಕೈಯನ್ನೂ ಇಡಿಸಿದ. ಬೆರಳಿಗೆ ಸಣ್ಣ ನಡುಕ ಸಿಕ್ಕಿತು. ಬಲಗಡೆ ಅದು ಇರಲಿಲ್ಲ. ಈ ಪೀಳಿಗೆಯ ಫಾರೆಸ್ಟರ್‌ಗಳಿಗೆ ಹಿಂದಿನ ಬೇರಿಂಗ್ ಹೋಗುವುದು ಹಳೆಯ ಕಾಯಿಲೆ.

ಪೆಟ್ಟಿಗೆಯಲ್ಲಿ ಬೇರಿಂಗ್ ಇತ್ತು. ಅವನ ಹತ್ತಿರ ಹೈಡ್ರಾಲಿಕ್ ಪ್ರೆಸ್ ಇರಲಿಲ್ಲ. ಸುತ್ತಿಗೆಯಿಂದ ಹೊಡೆದು ಕೂರಿಸಬಹುದು, ಆದರೆ ಅದು ಬಹಳ ದಿನ ಬಾಳುವುದಿಲ್ಲ ಎಂದು ಅವನೇ ಹೇಳಿದ. ಹೊರ ಬಳೆಯನ್ನು ಬಿಟ್ಟು ಒಳ ಬಳೆಯ ಮೇಲೆ ಒತ್ತಡ ಬಿದ್ದರೆ ಗುಂಡುಗಳ ದಾರಿಯಲ್ಲಿ ಅಚ್ಚು ಮೂಡುತ್ತದೆ. ಹೊಸ ಬೇರಿಂಗ್ ಕೂರಿಸುವಾಗಲೇ ಕೆಟ್ಟಿರುತ್ತದೆ. ಬಂದ ಕೆಲಸವನ್ನು ಬೇಡ ಅನ್ನುವಷ್ಟು ಪ್ರಾಮಾಣಿಕತೆ ನನಗೆ ತುಂಬಾ ದೊಡ್ಡದಾಗಿ ಕಂಡಿತು.

ತಮ್ಮ ಅವನ ಹತ್ತಿರವೂ ಎರಡು ಇಂಚಿನ ಮಾತು ತೆಗೆದ. ಮೇಸ್ತ್ರಿ ಗಾಡಿಯ ಕೆಳಗೆ ಇನ್ನೊಮ್ಮೆ ಇಣುಕಿದ. ತಟ್ಟೆಯ ಮೇಲೆ ಎರಡು ಗೀರು, ಸೈಲೆನ್ಸರ್ ಹತ್ತಿರ ಒಂದು ಸಣ್ಣ ಬಡಿತ, ಅಷ್ಟೇ. "ಇಷ್ಟು ದಾರಿ ಬಂದು ಇಷ್ಟಾ ತಾಗೇತಿ ಅಂದ್ರ ಇನ್ನ ಯಾಕ್ರೀ ಎತ್ತರ?" ಎಂದ. ತಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಬದಲಿಗೆ ಬೂಟ್ ಕಿಟ್ ಇನ್ನೆರಡು ತರಿಸಬೇಕು ಎಂದು ಮೊಬೈಲ್‌ನಲ್ಲಿ ಬರೆದುಕೊಂಡ.

ವಾಪಸು ಪುಣೆಗೆ ಹೆದ್ದಾರಿಯಲ್ಲಿ ಹೋಗುವ ಬದಲು ಚೋರ್ಲಾ ಘಟ್ಟ ಹತ್ತಿ ಬೆಳಗಾವಿಗೆ ಹೋಗುವುದೆಂದು ನಿಶ್ಚಯವಾಯಿತು. ಉದ್ಯಮಬಾಗದಲ್ಲಿ ಮಾಮಾನ ಹಳೆಯ ಗೆಳೆಯರ ವರ್ಕ್‌ಶಾಪ್ ಇದೆ, ಅಲ್ಲಿ ಪ್ರೆಸ್ ಇದೆ. ಅಲ್ಲಿಯವರೆಗೆ 60ರ ಮೇಲೆ ಓಡಿಸಬೇಡಿ, ನಡುವೆ ನಿಲ್ಲಿಸಿ ಚಕ್ರದ ನಡುಭಾಗ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಾದರೆ ಅಲ್ಲೇ ನಿಂತುಬಿಡಿ ಎಂದು ಮೇಸ್ತ್ರಿ ಹೇಳಿದ. ಮಾಮಾ ಗೆಳೆಯರಿಗೆ ಫೋನ್ ಮಾಡಿ ಮಂಗಳವಾರ ಮಧ್ಯಾಹ್ನಕ್ಕೆ ಪ್ರೆಸ್ ಖಾಲಿ ಇಡಲು ಹೇಳಿದರು. ಹಾಗೆಯೇ ಟೈಮಿಂಗ್ ಬೆಲ್ಟ್ ಕಿಟ್‌ನ ಮಾತೂ ಆಡಿದರು. ಲಕ್ಷ ಕಿಲೋಮೀಟರಿಗೆ ಅದನ್ನು ಬದಲಿಸಬೇಕು. ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ನಮ್ಮ ಗಾಡಿಯ ಬೆಲ್ಟ್‌ಗೆ ಇನ್ನೂ ಅವಧಿ ಇದೆ, ಆದರೆ ಕಿಟ್ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ವಾಟರ್ ಪಂಪ್ ಮತ್ತು ಐಡ್ಲರ್ ಬೇರಿಂಗ್ ಕೂಡ ಜೊತೆಗೇ ತರಿಸಿ ಎಂದು ಮಾಮಾ ಫೋನಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು.